ಕಲ್ಲುಕಣಿವೆಯ ಓಬರ್ಲಿನ್ ಅಯ್ಯನವರು

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳಲ್ಲಿ ಅಡಿಕೆಯ ಕೊನೆ ಇಳಿಸುವ ಕಾಲ ಬಂತೆಂದರೆ, ಕೂಲಿಗೆ ಹೋಗುವ ತಾಯಂದಿರಿಗೆ ಒಂದು ಚಿಂತೆಯು ತಪ್ಪದೆ ಬರುತ್ತದೆ. ಮೊಲೆಯುಣ್ಣುವ ಕೂಸನ್ನು ಜೋಲಿಯಲ್ಲಿ ಹಾಕಿ ನೆರಳಲ್ಲಿ ತೂಗಬಹುದು. ಆರು ವರುಷ ತುಂಬಿದ ಮಗುವನ್ನು ಸರಕಾರಿ ಶಾಲೆಗೆ ಕಳುಹಿಸಬಹುದು. ಆದರೆ ಮೂರು, ನಾಲ್ಕು, ಐದು ವರುಷದ ಮಗುವನ್ನು ಏನು ಮಾಡುವದು? ಅದು ಜೋಲಿಯಲ್ಲಿ ನಿಲ್ಲದು. ಒಂದನೇ ಇಯತ್ತೆಯ ಹಾಜರಿ ಪುಸ್ತಕದಲ್ಲಿ ಅದರ ಹೆಸರೂ ಇಲ್ಲ. ತಾಯಿಯು ಅಡಿಕೆ ಸುಲಿಯುತ್ತಿರುವಾಗ ಅದು ಕತ್ತಿಯ ಬಳಿಗೆ ಹೋಗುತ್ತದೆ; ತೋಟದ ಕೆಲಸದಲ್ಲಿರುವಾಗ ಹಳ್ಳದ ಬಳಿಗೆ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಎಂಟು ವರುಷದ ಅಕ್ಕನು ಶಾಲೆಯನ್ನು ಬಿಟ್ಟು ಈ ಮಗುವನ್ನು ಕಾಯುತ್ತಾ ಕೂತಿದ್ದಳೆಂಬದನ್ನು ನಮ್ಮ ಹಿರಿಯರು ಬಲ್ಲರು.

ಸಾರ್ವಜನಿಕ ಹಣದಿಂದ ನಡೆಯುವ ಶಾಲೆಗಳು ಇಂಥ ಎಳೆಯ ಮಕ್ಕಳಿಗೂ ಶುಲ್ಕವಿಲ್ಲದೆ ಬಾಗಿಲು ತೆರೆಯಬೇಕೋ ಎಂಬ ಪ್ರಶ್ನೆಯು ಈಗ ನಮ್ಮ ರಾಜ್ಯದಲ್ಲಿ ಕೇಳಿಬರುತ್ತಿದೆ. ಇದು ಹೊಸ ಪ್ರಶ್ನೆಯೆಂದು ಅನೇಕರು ಎಣಿಸುತ್ತಾರೆ. ಆದರೆ ಸುಮಾರು ಇನ್ನೂರೈವತ್ತು ವರುಷಗಳ ಹಿಂದೆಯೇ, ಭೈರುಂಬೆಯ ಕಡೆಯಂತೆ ಬೆಟ್ಟಗಳ ನಡುವೆ ಚದರಿಹೋದ ಹಳ್ಳಿಗಳಲ್ಲಿ ಸಭಾಪಾಲನೆ ಮಾಡುತ್ತಿದ್ದ ಒಬ್ಬ ಬೋಧಕರು ಇದನ್ನು ಎದುರಿಸಿ, ತಮ್ಮಿಂದಾದ ಉತ್ತರವನ್ನು ಕೈಕೆಲಸದಿಂದಲೇ ಕೊಟ್ಟರು. ಅವರ ಚರಿತ್ರವನ್ನು ಇಲ್ಲಿ ಬರೆಯುತ್ತೇವೆ.

1. ಜನನವೂ ಕರೆಯೂ

ಯೋಹಾನ್ ಫ್ರಿಡ್ರಿಖ್ ಓಬರ್ಲಿನ್ ಎಂಬವರು 1740ನೇ ಆಗಸ್ಟ್ 31ರಂದು ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ಹುಟ್ಟಿದರು. ಆ ಪಟ್ಟಣವು ರೈನ್ ನದಿಯ ಸಮೀಪದಲ್ಲಿ, ಫ್ರಾನ್ಸ್ ಜರ್ಮನಿ ದೇಶಗಳ ಗಡಿಯಲ್ಲಿದೆ. ಕಾಸರಗೋಡಿನ ನಮ್ಮ ಕನ್ನಡಿಗರು ಮನೆಯಲ್ಲಿ ಒಂದು ಭಾಷೆಯನ್ನೂ ಕಚೇರಿಯಲ್ಲಿ ಇನ್ನೊಂದನ್ನೂ ಕೇಳುವ ಹಾಗೆ, ಅಲ್ಲಿಯ ಜನರು ಮನೆಯಲ್ಲಿ ಜರ್ಮನ್ ಮಾತಾಡುತ್ತಾ ಫ್ರಾನ್ಸಿನ ಅರಸನಿಗೆ ಕಂದಾಯ ಕೊಡುತ್ತಿದ್ದರು. ಓಬರ್ಲಿನರ ತಂದೆಯು ಪ್ರಾಟೆಸ್ಟಂಟರ ಶಾಲೆಯೊಂದರಲ್ಲಿ ಉಪಾಧ್ಯಾಯರು. ಮಕ್ಕಳು ಬಹಳ, ಸಂಬಳ ಸ್ವಲ್ಪ. ಆದರೂ ಆ ಮನೆಯಲ್ಲಿ ಪುಸ್ತಕಕ್ಕೆ ಕೊರತೆಯಿರಲಿಲ್ಲ, ಶಿಸ್ತಿಗೂ ಕೊರತೆಯಿರಲಿಲ್ಲ. ಅಣ್ಣನಾದ ಯೆರೆಮೀಯನು ಮುಂದೆ ಹೆಸರಾಂತ ವಿದ್ವಾಂಸನಾದನು.

ಬಾಲ್ಯದ ಒಂದು ಸಂಗತಿಯನ್ನು ಹೇಳುವದುಂಟು. ಸಂತೆಯ ಬೀದಿಯಲ್ಲಿ ಕೆಲವು ಪುಂಡ ಹುಡುಗರು ಹಳ್ಳಿಯ ಹೆಂಗಸೊಬ್ಬಳ ತಲೆಯ ಮೇಲಿದ್ದ ಮೊಟ್ಟೆಯ ಬುಟ್ಟಿಯನ್ನು ಕೆಡವಿದರು. ಅವಳು ಅಳುತ್ತಾ ನಿಂತಿರಲು, ಹುಡುಗ ಓಬರ್ಲಿನನು ಆ ಹುಡುಗರನ್ನು ಗದರಿಸಿ, ಮನೆಗೆ ಓಡಿ, ತಂದೆಯು ವಾರವಾರ ಕೊಡುತ್ತಿದ್ದ ಚಿಲ್ಲರೆಯನ್ನು ಕೂಡಿಸಿಟ್ಟ ಪೆಟ್ಟಿಗೆಯನ್ನೇ ತಂದು ಅವಳ ಕೈಗೆ ಬರಿದುಮಾಡಿದನು. ಬಡವರ ನಷ್ಟವನ್ನು ತನ್ನ ಗಂಟಿನಿಂದ ತುಂಬುವ ಈ ಗುಣವು ಅವರಲ್ಲಿ ಕಡೇವರೆಗೂ ಇತ್ತು.

ದೇವಜ್ಞಾನದ ವಿದ್ಯೆಯನ್ನು ಮುಗಿಸಿದ ಮೇಲೆ ಅವರು ಒಬ್ಬ ಶಸ್ತ್ರವೈದ್ಯನ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ, ತಾವೂ ಔಷಧಗಳ ವಿಷಯವನ್ನು ಕಲಿತರು. 1767ನೇ ವರುಷದ ಆರಂಭದಲ್ಲಿ, ಬೆಟ್ಟದ ಸೀಮೆಯ ಸಭಾಪಾಲಕರಾದ ಸ್ಟೂಬರ್ ಎಂಬವರು ತಮ್ಮ ಸ್ಥಾನಕ್ಕೆ ತಕ್ಕವನನ್ನು ಹುಡುಕುತ್ತಾ ಅವರ ಕೋಣೆಗೆ ಬಂದರು. ಅದು ಮಾಳಿಗೆಯ ತುದಿಯ ಪುಟ್ಟ ಕೋಣೆ. ಮಂಚಕ್ಕೆ ಕಾಗದದ ಪರದೆ. ದೀಪದ ಮೇಲೆ ತೂಗಹಾಕಿದ ಸಣ್ಣ ಪಾತ್ರೆಯಲ್ಲಿ ನೀರು, ಉಪ್ಪು, ರೊಟ್ಟಿಯ ತುಂಡು ಬೇಯುತ್ತಿದ್ದವು. ರಾತ್ರಿಯ ಊಟವೆಂದರೆ ಅಷ್ಟೇ. ಇದನ್ನು ನೋಡಿ ಸ್ಟೂಬರರಿಗೆ ತಮ್ಮ ಬಡಸಭೆಗೆ ಬೇಕಾದವನು ಇವನೇ ಎಂದು ಮನವರಿಕೆಯಾಯಿತು. ಓಬರ್ಲಿನರು ಆಗಲೇ ಒಂದು ದಂಡಿನ ಬೋಧಕರಾಗಲು ಒಪ್ಪಿದ್ದರು. ಆ ಸ್ಥಾನಕ್ಕೆ ಬೇರೊಬ್ಬನು ಸಿಕ್ಕಿದ ಮೇಲೆಯೇ ಅವರು ಬೆಟ್ಟ ಹತ್ತಿದರು. 1767ನೇ ಮಾರ್ಚ್ 30ರಂದು ವಾಲ್ಡರ್ಸ್‌ಬಾಖ್ ಎಂಬ ಹಳ್ಳಿಯನ್ನು ಮುಟ್ಟಿದಾಗ ಅವರಿಗೆ 26 ವರುಷ. ಅಲ್ಲಿಂದ 59 ವರುಷ ಅವರು ಆ ಸಭೆಯನ್ನು ಬಿಟ್ಟು ಹೋಗಲಿಲ್ಲ.

2. ಆ ಸೀಮೆಯ ಸ್ಥಿತಿ

ಆ ಸೀಮೆಗೆ ಬಾಂ ದ ಲಾ ರೋಶ್ ಎಂದು ಹೆಸರು. ಜರ್ಮನರು ಅದನ್ನು ಕಲ್ಲುಕಣಿವೆ ಎಂದು ಕರೆಯುತ್ತಾರೆ. ವೋಜ್ ಎಂಬ ಪರ್ವತಗಳ ಮಡಿಲಲ್ಲಿ ವಾಲ್ಡರ್ಸ್‌ಬಾಖ್, ಬೆಲ್ಮೊಂ, ಬೆಲ್‌ಫೋಸ್, ಫೂದೇ, ಸೋಲ್‌ಬಾಖ್ ಎಂಬ ಹಳ್ಳಿಗಳು ದೂರದೂರವಾಗಿ ಹರಡಿದ್ದವು. ನಮ್ಮಲ್ಲಿ ನಾಲ್ಕು ತಿಂಗಳು ಮಳೆಯು ದಾರಿಯನ್ನು ಕಟ್ಟುವಂತೆ ಅಲ್ಲಿ ಹಿಮವು ತಿಂಗಳಾನುಗಟ್ಟಲೆ ಕಟ್ಟುತ್ತಿತ್ತು. ಹಿಂದಿನ ಶತಮಾನದ ಮೂವತ್ತು ವರುಷಗಳ ಯುದ್ಧವು ಆ ಸೀಮೆಯನ್ನು ಹಾಳುಗೆಡವಿತ್ತು. ನೆಲ ಬಡಕಲು, ದಾರಿಯಿಲ್ಲ, ಹೊಳೆಗೆ ಒಳ್ಳೆಯ ಸೇತುವೆಯಿಲ್ಲ. ಪಟ್ಟಣದವರಿಗೆ ತಿಳಿಯದ ಒಂದು ಒಡಕು ಮಾತು ಅವರ ಭಾಷೆ.

ಶಾಲೆಯ ಸ್ಥಿತಿಯನ್ನು ಕೇಳಿದರೆ ನಗುವೂ ದುಃಖವೂ ಕೂಡಿ ಬರುತ್ತವೆ. ಸ್ಟೂಬರರು ಮೊದಲು ಆ ಸೀಮೆಗೆ ಬಂದು ಶಾಲೆಯನ್ನು ತೋರಿಸಿರೆಂದು ಕೇಳಿದಾಗ, ಒಂದು ಗುಡಿಸಲಿನಲ್ಲಿ ಮಕ್ಕಳು ಗದ್ದಲ ಮಾಡುತ್ತಿದ್ದರು, ಮೂಲೆಯಲ್ಲಿ ಒಬ್ಬ ಮುದುಕನು ಹಾಸಿಗೆ ಹಿಡಿದು ಮಲಗಿದ್ದನು. ಅವನೇ ಮಾಸ್ತರನು. ಮೊದಲು ಅವನು ಊರಿನ ಹಂದಿಗಳನ್ನು ಕಾಯುತ್ತಿದ್ದು, ಮುಪ್ಪಿನಿಂದ ಅದಕ್ಕೂ ಶಕ್ತಿ ಸಾಲದೆ ಹೋದದರಿಂದ ಊರವರು ಅವನನ್ನು ಮಕ್ಕಳ ಮೇಲೆ ನೇಮಿಸಿದ್ದರು. ಹಂದಿಗೆ ಬೇಕಾದ ಗಟ್ಟಿ ಕಾಲು ಮಕ್ಕಳಿಗೆ ಬೇಡವೆಂದು ಅವರು ಎಣಿಸಿದ್ದಿರಬೇಕು! ಮಾಸ್ತರಿಕೆಯು ಇಷ್ಟು ಹೀನವೆನಿಸಿದ್ದದರಿಂದ ಒಳ್ಳೆಯ ಮನೆಯವರು ತಮ್ಮ ಮಕ್ಕಳನ್ನು ಆ ಕೆಲಸಕ್ಕೆ ಕೊಡಲೊಲ್ಲದೆ ಹೋದರು. ಆಗ ಸ್ಟೂಬರರು ಜಾಣತನದಿಂದ ಆ ಹೆಸರನ್ನೇ ತೆಗೆದುಬಿಟ್ಟು, ಗೌರವದ ಬೇರೊಂದು ಹೆಸರನ್ನಿಟ್ಟು ಕರೆಯಲು, ಜನರು ಮುಂದೆ ಬಂದರು. ವಾಚಕರೇ, ಈ ಸಂಗತಿಯನ್ನು ನೆನಪಿನಲ್ಲಿಡಿರಿ. ಚಿಕ್ಕ ಮಕ್ಕಳ ಉಪಾಧ್ಯಾಯರನ್ನು ಊರು ಹೇಗೆ ಎಣಿಸುತ್ತದೋ ಆ ಊರಿನ ಮಕ್ಕಳ ಗತಿಯೂ ಹಾಗೆಯೇ ಆಗುವದು.

3. ದಾರಿಯೂ ಸೇತುವೆಯೂ

ಓಬರ್ಲಿನರು ಬಂದವರೇ ಸುವಾರ್ತೆಯನ್ನು ಸಾರಿದರು. ಹಾಗೆಯೇ ಹಾರೆಯನ್ನೂ ಹಿಡಿದರು. ಸ್ಟ್ರಾಸ್‌ಬರ್ಗಿಗೆ ಹೋಗುವ ಹೆದ್ದಾರಿಗೆ ತಮ್ಮ ಹಳ್ಳಿಗಳನ್ನು ಕೂಡಿಸುವ ಒಂದು ರಸ್ತೆಯೂ, ಬ್ರೂಷ್ ಹೊಳೆಗೆ ಒಂದು ಸೇತುವೆಯೂ ಬೇಕೆಂದು ಜನರಿಗೆ ತಿಳಿಸಿದಾಗ ಎಲ್ಲರೂ ತಲೆಯಾಡಿಸಿ, ಇದು ಆಗದ ಕೆಲಸವೆಂದರು. ಅವರು ವಾದಕ್ಕೆ ನಿಲ್ಲದೆ, ಗುದ್ದಲಿಯನ್ನು ಹೆಗಲಿಗೇರಿಸಿ ತಾವೇ ಬಂಡೆಯನ್ನು ಅಗೆಯಲು ಹೊರಟರು. ನಾಚಿದ ಜನರು ಒಬ್ಬೊಬ್ಬರಾಗಿ ಹಿಂಬಾಲಿಸಿದರು. ರಸ್ತೆಯಾಯಿತು, ಸೇತುವೆಯೂ ಆಯಿತು. ಅದಕ್ಕೆ ಪ್ರೀತಿಯ ಸೇತುವೆ ಎಂಬ ಅರ್ಥದ ಹೆಸರು ಬಂತು. ಮಳೆಗಾಲದಲ್ಲಿ ಕಾಲುಸಂಕ ಕೊಚ್ಚಿಹೋಗಿ ಮಕ್ಕಳು ಶಾಲೆ ತಪ್ಪಿಸುವದನ್ನು ನೋಡಿದ ನಮಗೆ ಈ ಸೇತುವೆಯ ಬೆಲೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಅಲ್ಲಿ ಬೆಳೆಯುತ್ತಿದ್ದ ಆಲೂಗಡ್ಡೆಯು ಕುಲಗೆಟ್ಟು ಸಣ್ಣದಾಗಿತ್ತು. ಅವರು ಹೊಸ ಬೀಜವನ್ನು ತರಿಸಿಕೊಟ್ಟರು. ಹಣ್ಣಿನ ಗಿಡಗಳಿಗೆ ಕಸಿ ಕಟ್ಟುವದನ್ನೂ ಗೊಬ್ಬರ ಕೂಡಿಸುವದನ್ನೂ ತಮ್ಮ ಹಿತ್ತಲಿನಲ್ಲೇ ಮಾಡಿತೋರಿಸಿದರು. ಸ್ಥಿರೀಕರಣಕ್ಕೆ ಬರುವ ಹುಡುಗ ಹುಡುಗಿಯರು ಮರಗಳನ್ನು ನೆಟ್ಟಿರಬೇಕೆಂದು ಕಟ್ಟುಮಾಡಿದರು. ಬಡವರಿಗೆ ಸಾಲದ ನಿಧಿಯನ್ನು ಸ್ಥಾಪಿಸಿದರು. ಹೆರಿಗೆಯ ಕೆಲಸವನ್ನು ಬಲ್ಲ ಹೆಂಗಸರನ್ನು ತರಬೇತಿಗೊಳಿಸಿದರು. ಊರಿಂದೂರಿಗೆ ಹೋಗುವ ಪುಸ್ತಕ ಭಂಡಾರವನ್ನು ನಡಿಸಿದರು. ಶಾಲೆಯ ಕಟ್ಟಡವನ್ನು ಕಟ್ಟಹೊರಟಾಗ ಖರ್ಚು ತಮ್ಮ ತಲೆಯ ಮೇಲೆ ಬಿದ್ದೀತೆಂದು ಸಭಿಕರು ಗೊಣಗಿದರು. ಅವರು ಸ್ಟ್ರಾಸ್‌ಬರ್ಗಿನ ಸ್ನೇಹಿತರಿಂದ ಹಣ ಕೂಡಿಸಿ, ಉಳಿದ ಹೊಣೆಯನ್ನು ತಾವೇ ಹೊತ್ತರು.

4. ಹೆಣಿಗೆಯ ಕೋಣೆಗಳು

ದೊಡ್ಡ ಮಕ್ಕಳಿಗೆ ಶಾಲೆಯಾಯಿತು. ಆದರೆ ತಂದೆತಾಯಿಗಳು ಹೊಲಕ್ಕೆ ಹೋದಾಗ ಎಳೆಯ ಮಕ್ಕಳು ಬೀದಿಯಲ್ಲಿ ಬಿದ್ದಿರುವದನ್ನು ಓಬರ್ಲಿನರು ದಿನದಿನವೂ ಕಾಣುತ್ತಿದ್ದರು. ಹೀಗಿರಲು ಬೆಲ್ಮೊಂ ಎಂಬ ಹಳ್ಳಿಯಲ್ಲಿ ಸಾರಾ ಬಾಂಜೆ ಎಂಬ ಒಕ್ಕಲಿಗರ ಹುಡುಗಿಯು ಯಾರ ಅಪ್ಪಣೆಯೂ ಇಲ್ಲದೆ ಊರ ಮಕ್ಕಳನ್ನು ಮನೆಗೆ ಕೂಡಿಸಿ ಹೆಣಿಗೆಯನ್ನು ಕಲಿಸುತ್ತಿದ್ದಾಳೆಂಬದು ಅವರ ಕಿವಿಗೆ ಬಿತ್ತು. ಅವಳ ತಂದೆಗೆ ಇದು ಹಿಡಿಸಲಿಲ್ಲ. ಮನೆಯ ಕೆಲಸ ಬಿಟ್ಟು ಊರಿನ ಮಕ್ಕಳನ್ನು ಬಿಟ್ಟಿಗೆ ಕಾಯುವದು ಯಾವ ನ್ಯಾಯವೆಂದು ಅವನಿಗೆ ತೋಚಿರಬೇಕು. ಓಬರ್ಲಿನರು ಅವನನ್ನು ಬೈಯಲಿಲ್ಲ. ಸಾರಾಳಿಗೆ ಸಂಬಳವನ್ನು ಗೊತ್ತುಮಾಡಿ, ಕರಾರು ಬರೆದು ಅವಳನ್ನು ಈ ಕೆಲಸಕ್ಕೇ ನೇಮಿಸಿದರು. ಇದು 1769ರ ಸುಮಾರಿಗೆ. ಯೂರೋಪಿನಲ್ಲಿ ಶಾಲೆಗೆ ಮುಂಚಿನ ವಯಸ್ಸಿನ ಮಕ್ಕಳಿಗಾಗಿ ಏರ್ಪಟ್ಟ ಅತಿ ಮೊದಲಿನ ಶಾಲೆಗಳಲ್ಲಿ ಇದನ್ನು ಎಣಿಸುತ್ತಾರೆ.

ಬಳಿಕ ಒಂದೊಂದು ಹಳ್ಳಿಯಲ್ಲಿಯೂ ಒಲೆ ಇರುವ ಒಂದು ಬೆಚ್ಚನೆಯ ಕೋಣೆಯನ್ನು ಬಾಡಿಗೆಗೆ ಹಿಡಿದು, ಒಬ್ಬೊಬ್ಬ ನಡತೆಯುಳ್ಳ ಹೆಂಗಸನ್ನು ನೇಮಿಸಿದರು. ಮಕ್ಕಳಿಂದ ಹಣ ತೆಗೆದುಕೊಳ್ಳಲಿಲ್ಲ. ಖರ್ಚನ್ನು ಓಬರ್ಲಿನರು ಬಹುಮಟ್ಟಿಗೆ ತಮ್ಮ ಸಂಬಳದಿಂದಲೂ ಸ್ನೇಹಿತರ ದಾನದಿಂದಲೂ ನಡಿಸಿದರು. ಅವರ ಹೆಂಡತಿಯಾದ ಸಲೋಮೆ ಅಮ್ಮನವರು ಈ ಕೆಲಸದಲ್ಲಿ ಅವರ ಬಲಗೈಯಾಗಿದ್ದು ಆ ಹೆಂಗಸರಿಗೆ ದಾರಿ ತೋರಿಸುತ್ತಿದ್ದರು. ಸಾರಾಳು ಬಹುಕಾಲ ಬದುಕಲಿಲ್ಲ. 1774ರಲ್ಲಿ, ಮೂವತ್ತು ತುಂಬುವ ಮೊದಲೇ, ತೀರಿಹೋದಳು. ಆದರೆ ಅವಳು ಹಚ್ಚಿದ ದೀಪ ಆರಲಿಲ್ಲ.

ಆ ಕೋಣೆಗಳಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ನಮ್ಮ ಕಾಲದ ಪ್ರಶ್ನೆಗೆ ಬೆಳಕು ಇಲ್ಲಿಂದಲೇ ಬರುತ್ತದೆ. ಅತಿ ಚಿಕ್ಕವರು ಆಡುತ್ತಿದ್ದರು. ಸ್ವಲ್ಪ ದೊಡ್ಡವರು ಹೆಣಿಗೆ, ನೂಲುವದು, ಹೊಲಿಯುವದು ಇವುಗಳನ್ನು ಕಲಿಯುತ್ತಿದ್ದರು. ಕೈ ಕೆಲಸದಲ್ಲಿರುವಾಗ ಕಿವಿಗೆ ಕಥೆ. ಸತ್ಯವೇದದ ಕಥೆಗಳನ್ನೂ ಪ್ರಾಣಿಗಳ, ಗಿಡಗಳ ಸಂಗತಿಗಳನ್ನೂ ಚಿತ್ರ ತೋರಿಸಿ ಹೇಳುತ್ತಿದ್ದರು. ಹಾಡುಗಳನ್ನು ಹಾಡಿಸುತ್ತಿದ್ದರು. ತಮ್ಮ ಊರು, ಹೊಳೆ, ಬೆಟ್ಟ ಎಲ್ಲಿವೆಯೆಂದು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಲು ಕಲಿಸುತ್ತಿದ್ದರು. ಒಳ್ಳೆಯ ಹವೆ ಇರುವ ದಿನ ಕಾಡಿನಂಚಿಗೆ ಕರೆದುಕೊಂಡು ಹೋಗಿ ಹೂವು ಸೊಪ್ಪುಗಳನ್ನು ಕೂಡಿಸಿ, ಅವುಗಳ ಹೆಸರನ್ನೂ, ಯಾವದು ತಿನ್ನತಕ್ಕದ್ದು ಯಾವದು ವಿಷವೆಂಬದನ್ನೂ ಹೇಳಿಕೊಡುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಪ್ರತಿಯೊಂದು ವಸ್ತುವಿನ ಹೆಸರನ್ನು ಮೊದಲು ಮನೆಯ ಮಾತಿನಲ್ಲಿ ಹೇಳಿಸಿ, ಆಮೇಲೆ ಶುದ್ಧವಾದ ಫ್ರೆಂಚಿನಲ್ಲಿ ಹೇಳಿಸುತ್ತಿದ್ದರು. ಹೀಗೆ ಆರು ವರುಷಕ್ಕೆ ಶಾಲೆಗೆ ಬರುವ ಮಗುವಿಗೆ ಮಾಸ್ತರನ ಮಾತು ಪರದೇಶದ ಮಾತಾಗಿರಲಿಲ್ಲ. ಅಕ್ಷರಗಳನ್ನು ಬಲವಂತವಾಗಿ ತುರುಕುವದು ಆ ಕೋಣೆಗಳ ಕೆಲಸವಾಗಿರಲಿಲ್ಲ. ಕಿವಿ, ಕಣ್ಣು, ಕೈ, ನಾಲಿಗೆ ಇವುಗಳನ್ನು ಎಚ್ಚರಿಸುವದೇ ಅವುಗಳ ಕೆಲಸ.

5. ಲೂಯಿಸಾ ಶೆಪ್ಲರ್

ಬೆಲ್‌ಫೋಸ್ ಎಂಬ ಹಳ್ಳಿಯ ಬಡವರ ಮನೆಯಲ್ಲಿ 1763ರಲ್ಲಿ ಹುಟ್ಟಿದ ಲೂಯಿಸಾ ಶೆಪ್ಲರ್ ಎಂಬಾಕೆಯು ಹದಿನೈದು ತುಂಬಿದ ಮೇಲೆ ಅಯ್ಯನವರ ಮನೆಗೆ ಕೆಲಸಕ್ಕೆ ಬಂದಳು. ಮನೆಕೆಲಸದ ಜತೆಗೆ ಎಳೆಯ ಮಕ್ಕಳನ್ನು ನಡಿಸುವ ಕೆಲಸವನ್ನೂ ಆಕೆಗೆ ಕೊಟ್ಟರು. ಹಿಮ ಬೀಳುವ ದಿನಗಳಲ್ಲಿಯೂ ಆಕೆಯು ಊರಿಂದೂರಿಗೆ ನಡೆದುಹೋಗಿ ಮಕ್ಕಳನ್ನು ಕೂಡಿಸುತ್ತಿದ್ದಳು.

1783ರಲ್ಲಿ ಸಲೋಮೆ ಅಮ್ಮನವರು ಮರಣಹೊಂದಿದರು. ಬದುಕಿದ್ದ ಏಳು ಮಕ್ಕಳು ತಾಯಿಯಿಲ್ಲದವರಾದರು. ಆಗ ಹತ್ತೊಂಬತ್ತು ವರುಷದ ಲೂಯಿಸಾಳು ಆ ಮನೆಯ ಭಾರವನ್ನೆಲ್ಲಾ ಹೊತ್ತಳು. ಕೆಲವು ವರುಷಗಳ ಮೇಲೆ, ತನಗೆ ಸಂಬಳ ಬೇಡ, ಮಗಳೆಂದು ಎಣಿಸಿದರೆ ಸಾಕು ಎಂದು ಅಯ್ಯನವರನ್ನು ಬೇಡಿಕೊಂಡಳು. ಅವರು ಹಾಗೆಯೇ ನಡಿಸಿಕೊಂಡರು. ತಮ್ಮ ಮರಣಪತ್ರದಲ್ಲಿ ಆಕೆಯನ್ನು ತಮ್ಮ ಮಕ್ಕಳಿಗೆ ಒಪ್ಪಿಸಿದರು. ಮಕ್ಕಳು ಆಕೆಗೆ ತಮ್ಮೊಂದಿಗೆ ಸಮಪಾಲನ್ನು ಕೊಡಲು ಮುಂದಾದಾಗ ಆಕೆಯು ಆಸ್ತಿಯನ್ನು ಒಲ್ಲದೆ, ಓಬರ್ಲಿನ್ ಎಂಬ ಹೆಸರನ್ನು ಮಾತ್ರ ಕೇಳಿಕೊಂಡಳು. 1829ರಲ್ಲಿ ಫ್ರೆಂಚ್ ಅಕಾಡೆಮಿಯು ಸದ್ಗುಣಕ್ಕಾಗಿ ಕೊಡುವ ಮೋಂತ್ಯೋನ್ ಬಹುಮಾನವಾಗಿ 5,000 ಫ್ರಾಂಕುಗಳನ್ನು ಈ ಹಳ್ಳಿಯ ಹೆಂಗಸಿಗೆ ಕೊಟ್ಟಿತು. 1837ರಲ್ಲಿ ಆಕೆಯು ಮರಣಹೊಂದಿದಳು.

ಇಂಥ ತ್ಯಾಗವನ್ನು ಕೇಳಿದರೆ ಮನಸ್ಸು ಕರಗುತ್ತದೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಲೂಯಿಸಾಳು ಸಂಬಳವನ್ನು ತಾನಾಗಿ ಬಿಟ್ಟದ್ದು ಆಕೆಯ ದೊಡ್ಡತನ. ಅದನ್ನು ನೋಡಿ, ಮಕ್ಕಳನ್ನು ಸಾಕುವ ಹೆಂಗಸರಿಗೆ ಸಂಬಳವೇ ಬೇಡ, ಪ್ರೀತಿಯೇ ಸಾಕು ಎಂದು ಹೇಳುವವನು ಆ ಚರಿತ್ರವನ್ನು ತಪ್ಪಾಗಿ ಓದಿದವನು. ಓಬರ್ಲಿನರು ಸಾರಾಳ ತಂದೆಗೆ ಉಪದೇಶ ಮಾಡಿ ಬಿಟ್ಟಿಯ ಕೆಲಸವನ್ನು ತೆಗೆದುಕೊಳ್ಳಲಿಲ್ಲ. ಕರಾರು ಬರೆದು ಕೂಲಿಯನ್ನು ಕೊಟ್ಟರು. ದಾನವು ಕೊಡುವವನ ಇಷ್ಟ. ಕೂಲಿಯು ಕೊಡಿಸಿಕೊಳ್ಳುವವನ ಸಾಲ.

6. ಕಷ್ಟವೂ ಮುಪ್ಪೂ

ಓಬರ್ಲಿನರಲ್ಲಿ ಕುಂದುಗಳೇ ಇರಲಿಲ್ಲವೆಂದು ನಾವು ಹೇಳುವದಿಲ್ಲ. ಅವರು ಬಹು ಕಟ್ಟುನಿಟ್ಟಿನವರು. ಪ್ರತಿ ಮನೆಯ ಸಂಗತಿಯನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ತಮಗೆ ಒಳ್ಳೆಯದೆಂದು ಕಂಡದ್ದನ್ನು ಇಡೀ ಸೀಮೆಯಿಂದ ಮಾಡಿಸದೆ ಬಿಡುತ್ತಿರಲಿಲ್ಲ. ಎಳೆಯ ಮಕ್ಕಳ ಹೆಣಿಗೆಯಲ್ಲಿಯೂ ಆಟಕ್ಕಿಂತ ದುಡಿಮೆಯ ಅಭ್ಯಾಸವು ಹೆಚ್ಚಾಗಿತ್ತೆಂದು ಇಂದಿನವರು ಆಕ್ಷೇಪಿಸಬಹುದು. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಬಡತನವು ಮನೆಯೊಳಗೆ ಕೂತಿದ್ದ ಕಾಲವದು.

1789ರಲ್ಲಿ ಫ್ರಾನ್ಸಿನಲ್ಲಿ ಮಹಾಕ್ರಾಂತಿಯು ಎದ್ದಿತು. ಬಡವರಿಗೆ ನ್ಯಾಯ ದೊರೆಯುವದೆಂದು ಓಬರ್ಲಿನರು ಅದನ್ನು ಮೊದಲು ಸ್ವಾಗತಿಸಿದರು. ಆದರೆ ಬೋಧಕರ ಸಂಬಳ ನಿಂತಿತು, ದೇವಾರಾಧನೆಗೆ ತಡೆಯಾಯಿತು, ಅವರ ಹಿರಿಯ ಮಗನು 1793ರಲ್ಲಿ ಯುದ್ಧದಲ್ಲಿ ಮಡಿದನು. 1794ರಲ್ಲಿ ಅವರನ್ನೇ ಕೈದುಮಾಡಿ ಒಯ್ದರು. ರೋಬೆಸ್ಪಿಯೇರನ ಪತನವಾದ ಮೇಲೆ ಬಿಡುಗಡೆಯಾಯಿತು. ಅದೇ ವರುಷ ರಾಷ್ಟ್ರಸಭೆಯು ಅವರ ವಿದ್ಯಾಸೇವೆಯನ್ನು ಗೌರವದಿಂದ ನೆನಸಿತು. ಸೆರೆಮನೆಯೂ ಸನ್ಮಾನವೂ ಒಂದೇ ವರುಷದಲ್ಲಿ ಬಂದವು. ಎರಡರಿಂದಲೂ ಅವರ ದಿನಚರಿಯು ಬದಲಾಗಲಿಲ್ಲ.

ಮುಂದೆ ಬಾಸೆಲ್ ಪಟ್ಟಣದವರಾದ ಲೆಗ್ರಾಂ ಎಂಬ ಮನೆತನದವರು ತಮ್ಮ ರಿಬ್ಬನ್ ನೇಯುವ ಉದ್ಯೋಗವನ್ನು ಫೂದೇ ಹಳ್ಳಿಗೆ ತಂದರು. ಅವರು ಮಕ್ಕಳನ್ನು ಕಾರ್ಖಾನೆಗೆ ಎಳೆಯದೆ ಮಗ್ಗಗಳನ್ನೇ ಮನೆಮನೆಗೆ ಕೊಟ್ಟರು. ಆ ಮನೆತನದ ದಾನಿಯೇಲ್ ಲೆಗ್ರಾಂ ಎಂಬವರು ಚಿಕ್ಕ ಮಕ್ಕಳ ದುಡಿಮೆಯನ್ನು ಕಾನೂನಿನಿಂದ ತಡೆಯಬೇಕೆಂದು ಯೂರೋಪಿನ ಸರಕಾರಗಳಿಗೆ ವರುಷಾನುಗಟ್ಟಲೆ ಬರೆಯುತ್ತಾ ಬಂದರು. ಓಬರ್ಲಿನರಿಗೆ 1818ರಲ್ಲಿ ವ್ಯವಸಾಯ ಸಂಘದ ಚಿನ್ನದ ಪದಕವೂ 1819ರಲ್ಲಿ ಅರಸನಿಂದ ಲೆಜಿಯನ್ ಆಫ್ ಆನರ್ ಎಂಬ ಬಿರುದೂ ದೊರೆತವು. 1826ನೇ ಜೂನ್ 1ರಂದು, ಎಂಭತ್ತೈದು ವರುಷ ದಾಟಿದವರಾಗಿ, ಅವರು ಕರ್ತನಲ್ಲಿ ನಿದ್ರೆಹೋದರು. ಫೂದೇಯ ಸ್ಮಶಾನಕ್ಕೆ ಶವವನ್ನು ಒಯ್ಯುವಾಗ ನೆರೆಯೂರುಗಳ ರೋಮನ್ ಕಥೋಲಿಕರೂ ದುಃಖದಿಂದ ಕೂಡಿಬಂದರು. ವಾಲ್ಡರ್ಸ್‌ಬಾಖಿನಲ್ಲಿ ಅವರ ಮನೆಯು ಇಂದಿಗೂ ವಸ್ತುಸಂಗ್ರಹಾಲಯವಾಗಿ ಉಳಿದಿದೆ.

7. ಆ ಬೀಜವು ಹರಡಿದ್ದು

ಓಬರ್ಲಿನರು ಬದುಕಿರುವಾಗಲೇ ಇಂಥ ಕೆಲಸವು ಬೇರೆ ಕಡೆಗಳಲ್ಲಿಯೂ ಹುಟ್ಟಿತು. 1816ರಲ್ಲಿ ರಾಬರ್ಟ್ ಓವೆನ್ ಎಂಬವರು ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕಿನಲ್ಲಿ ಗಿರಣಿ ಕೂಲಿಕಾರರ ಎಳೆಯ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. 1837ರಲ್ಲಿ ಜರ್ಮನಿಯ ಫ್ರೋಬೆಲರು ಬ್ಲಾಂಕನ್‌ಬುರ್ಗಿನಲ್ಲಿ ತಮ್ಮ ಕೆಲಸವನ್ನು ಆರಂಭಿಸಿ, 1840ರಲ್ಲಿ ಅದಕ್ಕೆ ಮಕ್ಕಳ ತೋಟವೆಂಬ ಅರ್ಥದ ಹೆಸರನ್ನಿಟ್ಟರು. ಆದರೆ ಇವೆಲ್ಲವೂ ದಾನಿಗಳ ಕೈಯಲ್ಲಿದ್ದ ಕೆಲಸಗಳು. ದಾನಿಯು ಸತ್ತರೆ ಬಾಗಿಲು ಮುಚ್ಚುತ್ತಿತ್ತು. ಆದದರಿಂದ ಫ್ರಾನ್ಸ್ ದೇಶವು 1881ರ ಕಾನೂನಿನಿಂದ ಸಾರ್ವಜನಿಕ ಶಾಲೆಗಳ ಜತೆಗೆ ಎಳೆಯ ಮಕ್ಕಳ ಶಾಲೆಗಳನ್ನೂ ಶುಲ್ಕವಿಲ್ಲದವುಗಳಾಗಿ ಮಾಡಿತು. 2019ರಿಂದ ಅಲ್ಲಿ ಮೂರು ವರುಷದ ಮಗುವಿಗೂ ಶಿಕ್ಷಣವು ಕಡ್ಡಾಯವಾಗಿದೆ. ಒಬ್ಬ ಬೋಧಕರು ತಮ್ಮ ಸಂಬಳದಿಂದ ನಡಿಸಿದ್ದನ್ನು ಒಂದು ದೇಶವೇ ತನ್ನ ಬೊಕ್ಕಸದಿಂದ ನಡಿಸಲು ನೂರು ವರುಷಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ನಮ್ಮ ದೇಶದಲ್ಲಿ ತಾರಾಬಾಯಿ ಮೋಡಕ್ ಎಂಬವರು 1945ರಲ್ಲಿ, ನಮ್ಮ ಜಿಲ್ಲೆಯೂ ಸೇರಿದ್ದ ಅಂದಿನ ಮುಂಬಯಿ ಪ್ರಾಂತದ ಬೋರ್ಡಿ ಎಂಬ ಕರಾವಳಿ ಹಳ್ಳಿಯಲ್ಲಿ ಬಡಮಕ್ಕಳಿಗಾಗಿ ಬಾಲವಾಡಿಯನ್ನು ತೆರೆದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಮನೆಯ ಅಂಗಳಕ್ಕೆ ಒಯ್ದರು. 1975ನೇ ಅಕ್ಟೋಬರ್ 2ರಂದು ಕೇಂದ್ರ ಸರಕಾರವು 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೇ ಮೊದಲನೆಯದು. ಹಿರಿಯರು ಈಗಲೂ ಬಾಲವಾಡಿ ಎಂದು ಕರೆಯುವ ನಮ್ಮ ಅಂಗನವಾಡಿಗಳು ಹೀಗೆ ಬಂದವು. ಅಲ್ಲಿ ಮೂರರಿಂದ ಆರು ವರುಷದ ಮಕ್ಕಳಿಗೆ ಪಾಠವುಂಟು. ಅದರ ಜತೆಗೆ ಆಹಾರ, ಚುಚ್ಚುಮದ್ದು, ಗರ್ಭಿಣಿಯರ ಮತ್ತು ಬಾಣಂತಿಯರ ಆರೈಕೆಯೂ ಉಂಟು.

8. ನಮ್ಮ ಮುಂದಿರುವ ಪ್ರಶ್ನೆ

ಸಂವಿಧಾನವು 2002ರ ತಿದ್ದುಪಡಿಯಿಂದ ಆರರಿಂದ ಹದಿನಾಲ್ಕು ವರುಷದ ಮಕ್ಕಳ ಶಿಕ್ಷಣವನ್ನು ಹಕ್ಕನ್ನಾಗಿ ಮಾಡಿತು. ಆರಕ್ಕಿಂತ ಕೆಳಗಿನವರ ವಿಷಯದಲ್ಲಿಯಾದರೋ ಸರಕಾರವು ಪ್ರಯತ್ನಿಸತಕ್ಕದ್ದೆಂದು ಮಾತ್ರ ಹೇಳಿತು. ಹಕ್ಕಿಗೂ ಪ್ರಯತ್ನಕ್ಕೂ ಎಷ್ಟು ಅಂತರವೆಂಬದು ಬಡವರಿಗೆ ಗೊತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರುಷದ ವರೆಗಿನ ಕಾಲವನ್ನು ಒಂದೇ ಅಡಿಪಾಯದ ಹಂತವೆಂದು ಎಣಿಸಿತು. ನಮ್ಮ ರಾಜ್ಯದಲ್ಲಿ 2018ರಿಂದೀಚೆಗೆ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತರಗತಿಗಳು ಬಂದವು. ಇವು ಹೆಚ್ಚಿದರೆ ಅಂಗನವಾಡಿಗಳು ಬರಿದಾಗುವವೆಂದು ಭಯಪಟ್ಟು 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಪ್ರತಿಭಟಿಸಿದರು. ಅವರ ಭಯವನ್ನು ಹಗುರಾಗಿ ಎಣಿಸಬಾರದು. ಅವರಿಗೆ ಸಿಕ್ಕುವ ಹಣಕ್ಕೆ ಸಂಬಳವೆಂಬ ಹೆಸರಿಲ್ಲ, ಗೌರವಧನವೆಂದೇ ಹೆಸರು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟ ಮೇಲೆಯೇ ಅವರಿಗೆ ಗ್ರಾಚ್ಯುಟಿಯ ಹಕ್ಕು ಉಂಟೆಂದು ಸ್ಥಿರವಾಯಿತು.

ಇಷ್ಟು ಎಳೆಯ ಮಕ್ಕಳನ್ನು ತಾಯಿಯ ಮಡಿಲಿನಿಂದ ಬಿಡಿಸುವದು ಸರಿಯೋ ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ತಾಯಿಯು ಮನೆಯಲ್ಲಿರಲು ಶಕ್ತಳಾಗಿದ್ದರೆ, ಅಜ್ಜಿಯು ಕಥೆ ಹೇಳಲು ಇದ್ದರೆ, ಆ ಮನೆಯೇ ಒಳ್ಳೆಯ ಶಾಲೆ. ಆದರೆ ಕೂಲಿಯವಳ ಮಗುವಿಗೆ ಆ ಮಡಿಲು ಹಗಲಿನಲ್ಲಿ ಸಿಕ್ಕುವದಿಲ್ಲ. ಅದಕ್ಕೆ ಸಿಕ್ಕುವದು ತೋಟದ ಅಂಚು, ಇಲ್ಲವೆ ಅಕ್ಕನ ಸೊಂಟ. ಇದ್ದವರು ಹಣ ಕೊಟ್ಟು ಮಗುವನ್ನು ವಾಹನದಲ್ಲಿ ಪೇಟೆಯ ಶಾಲೆಗೆ ಕಳುಹಿಸುತ್ತಾರೆ. ಇಲ್ಲದವರ ಮಗು ಒಂದನೇ ಇಯತ್ತೆಗೆ ಬರುವಾಗಲೇ ಮೂರು ವರುಷ ಹಿಂದೆ ಬಿದ್ದಿರುತ್ತದೆ. ಓಟದ ಗೆರೆಯನ್ನು ಒಬ್ಬನಿಗೆ ಮುಂದೆಯೂ ಇನ್ನೊಬ್ಬನಿಗೆ ಹಿಂದೆಯೂ ಎಳೆದು, ಸೋತವನನ್ನು ದಡ್ಡನೆಂದು ಕರೆಯುವದು ನ್ಯಾಯವೇ? ಆದದರಿಂದ ಎಳೆಯ ಮಕ್ಕಳ ಶಾಲೆಯು ಶುಲ್ಕವಿಲ್ಲದೆ, ಸಾರ್ವಜನಿಕ ಹಣದಿಂದ ನಡೆಯಬೇಕೆಂದೇ ನಮ್ಮ ಅಭಿಪ್ರಾಯ.

ಹೇಗೆ ನಡೆಯಬೇಕೆಂಬದಕ್ಕೆ ಓಬರ್ಲಿನರ ಚರಿತ್ರವು ಮೂರು ಮಾತುಗಳನ್ನು ಕಲಿಸುತ್ತದೆ. ಮೊದಲನೆಯದು, ಅದು ಮಗುವಿನ ಕಾಲಿಗೆ ಎಟಕುವ ಹಾಗಿರಬೇಕು. ಅವರು ಐದು ಹಳ್ಳಿಗಳಿಗೆ ಒಂದು ದೊಡ್ಡ ಮನೆಯನ್ನು ಕಟ್ಟದೆ ಹಳ್ಳಿಗೊಂದು ಚಿಕ್ಕ ಕೋಣೆಯನ್ನು ಹಿಡಿದರು. ಭೈರುಂಬೆಯಂಥ ಕಡೆ, ಹಳ್ಳ ದಾಟಿ ಹೋಗಬೇಕಾದ ಅಂದವಾದ ಶಾಲೆಗಿಂತ ಮನೆಯ ಹತ್ತಿರದ ಅಂಗನವಾಡಿಯೇ ಮೂರು ವರುಷದ ಮಗುವಿಗೆ ಮೇಲು. ಶಾಲೆಯೂ ಅಂಗನವಾಡಿಯೂ ಒಂದೇ ಅಂಗಳದಲ್ಲಿರುವ ಊರುಗಳಲ್ಲಿ ಎರಡೂ ಕೈಕೂಡಿಸಲಿ. ದೂರವಿರುವಲ್ಲಿ ಒಂದನ್ನು ಕೊಂದು ಇನ್ನೊಂದನ್ನು ಬೆಳೆಸುವದು ಬೇಡ. ಎರಡನೆಯದು, ಅಲ್ಲಿ ಆಟ, ಹಾಡು, ಕಥೆ, ಮಾತು ಇವು ಮುಂದಿರಲಿ. ಮನೆಯಲ್ಲಿ ಕೊಂಕಣಿಯನ್ನೋ ಮರಾಠಿಯನ್ನೋ ಆಡುವ ಮಗುವು ಆ ಮಾತಿನಿಂದಲೇ ಕನ್ನಡಕ್ಕೆ ಮೆಲ್ಲಗೆ ಬರಲಿ. ಮೂರನೆಯದು, ಆ ಕೆಲಸವನ್ನು ಮಾಡುವ ಹೆಂಗಸರಿಗೆ ತರಬೇತಿಯೂ ತಕ್ಕ ಸಂಬಳವೂ ಊರಿನ ಮರ್ಯಾದೆಯೂ ಸಿಕ್ಕಲಿ. ಹಾಸಿಗೆ ಹಿಡಿದ ಹಂದಿಕಾಯುವವನ ಕಾಲಕ್ಕೆ ನಾವು ತಿರುಗಿ ಹೋಗಬಾರದು.

ಸಭಿಕರಾದ ನಾವು ಸರಕಾರದ ಕಡೆಗೆ ಬೆರಳು ತೋರಿಸಿ ಸುಮ್ಮನಿರಲಾಗದು. ನಮ್ಮ ಊರಿನ ಅಂಗನವಾಡಿಯ ಮಾಡು ಮಳೆಗಾಲಕ್ಕೆ ಮೊದಲು ಸರಿಯಾಗಿದೆಯೋ, ಕುಡಿಯುವ ನೀರು ಇದೆಯೋ, ದಾರಿಯ ಸಂಕವು ಗಟ್ಟಿಯಾಗಿದೆಯೋ ಎಂದು ನೋಡುವದಕ್ಕೆ ಯಾರ ಅಪ್ಪಣೆ ಬೇಕು? ಬಾಲವಿಕಾಸ ಸಮಿತಿಯ ಸಭೆಗೆ ಕರೆದಾಗ ಹೋಗಿ ಕೂತುಕೊಳ್ಳುವದಕ್ಕೆ ಎಷ್ಟು ಹೊತ್ತು ಬೇಕು? ಮಕ್ಕಳನ್ನು ತನ್ನ ಬಳಿಗೆ ಬಿಡಿಸಿಕೊಂಡ ಕರ್ತನ ಶಿಷ್ಯರು ನಾವು. ಕಲ್ಲುಕಣಿವೆಯ ಅಯ್ಯನವರು ವಾದಮಾಡುತ್ತಾ ಕೂತಿರಲಿಲ್ಲ, ಗುದ್ದಲಿಯನ್ನು ಹೆಗಲಿಗೇರಿಸಿದರು. ಬರುವ ಮಳೆಗಾಲಕ್ಕೆ ಮೊದಲು ನಮ್ಮ ಊರಿನಲ್ಲಿ ಕಟ್ಟಬೇಕಾದ ಸಂಕ ಯಾವದೆಂದು ಒಬ್ಬೊಬ್ಬರೂ ನೋಡಿಕೊಳ್ಳೋಣ.